ಅಲಾರಂಗಳಿಗೆ ರಜೆ

ಹೇಮಶ್ರೀ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, ಅವಳ ತಾಯಿ ಬೈರಮ್ಮ, "ಕಂಪ್ಯೂಟ್ರುಗಳಿಗೆ ಜ್ವರಗಿರ ಬಂದದಾ ಅಂತ ನೋಡ್ತಾಳೆ" ಎನ್ನುತ್ತಿದ್ದರು. ಹೊಸಕೆರೆಹಳ್ಳಿಯ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ಆದರೆ ಆ ಕೆಲಸವನ್ನು ಬೈರಮ್ಮನಿಗಿಂತ ಚೆನ್ನಾಗಿ ಯಾವ ಇಂಜಿನಿಯರೂ ವಿವರಿಸಿದ್ದಿಲ್ಲ. ಬನಶಂಕರಿ ಎರಡನೇ ಸ್ಟೇಜಿನಲ್ಲಿ, ಸ್ಟೀಲ್ ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ, ಹೇಮಶ್ರೀ ದಿನವಿಡೀ ಮಾಡುತ್ತಿದ್ದದ್ದು ಅದನ್ನೇ. ಶಾಲೆ, ಲ್ಯಾಬು, ಕ್ಲಿನಿಕ್ಕುಗಳ ಸರ್ವರುಗಳು ಅವರವರ ಕಟ್ಟಡಗಳ ಮೂಲೆಯಲ್ಲಿ ಗುಂಯ್‌ಗುಟ್ಟುತ್ತಿರುತ್ತವೆ. ಡಿಸ್ಕು ಎಷ್ಟು ತುಂಬಿದೆ, ಮೆಮೊರಿ ಎಷ್ಟು ಉಳಿದಿದೆ, ಮೈ ಎಷ್ಟು ಕಾದಿದೆ ಎಂದು ಅವು ಗಳಿಗೆಗೊಮ್ಮೆ ವರದಿ ಒಪ್ಪಿಸುತ್ತವೆ. ಎಲ್ಲ ಸರಿಯಿದ್ದರೆ ಗೋಡೆಯ ಮೇಲಿನ ದೊಡ್ಡ ಟಿವಿಯಲ್ಲಿ ಹಸಿರು ಚುಕ್ಕೆ. ಏರುಪೇರಾದರೆ ಹಳದಿ, ಆಮೇಲೆ ಕೆಂಪು. ಜೊತೆಗೆ ಡ್ಯೂಟಿಯಲ್ಲಿರುವವರ ಫೋನು ಕಿರುಚಿಕೊಳ್ಳುತ್ತದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಕೆಲಸ ಇದು. ಕಾದದ್ದಕ್ಕೆ ಯಾರೂ ಭೇಷ್ ಎನ್ನುವುದಿಲ್ಲ. ಕಾಯದೆ ಹೋದ ದಿನ ಮಾತ್ರ ಊರಿಗೆಲ್ಲ ಗೊತ್ತಾಗುತ್ತದೆ.

ಕಂಪನಿಯ ಯಜಮಾನ ಕೆಂಪರಾಜು ಹೊಸಕೆರೆಹಳ್ಳಿಯವರೇ. ಊರಲ್ಲಿ ಸಿಕ್ಕರೆ ಹೇಮಶ್ರೀಗೆ ಕೆಂಪರಾಜಣ್ಣ, ಆಫೀಸಿನ ಮೆಟ್ಟಿಲು ಹತ್ತಿದರೆ ಸಾರ್.

ಇನ್ನು ಅವಳ ಅಪ್ಪ ಗಂಗಾಧರಯ್ಯ. ಕೆರೆಯ ಕೆಳಗೆ ಅವರಿಗೆ ಸೊಪ್ಪು ಬೆಳೆಯುವ ಜಮೀನಿತ್ತು. ಅದು ಲೇಔಟಾಗಿ, ಈಗ ಅದರ ದುಡ್ಡಲ್ಲಿ ಕಟ್ಟಿದ ಮಹಡಿಮನೆಗಳಿಂದ ಬಾಡಿಗೆ ಬರುತ್ತದೆ. ಜಮೀನು ಹೋದರೂ ಜಮೀನಿನಲ್ಲಿ ಕೂಗುತ್ತಿದ್ದ ಗಂಟಲು ಮಾತ್ರ ಹೋಗಿರಲಿಲ್ಲ. ಬ್ಯಾಂಕಿನ ಕೌಂಟರಿನಲ್ಲೂ ಅವರು ಕೆರೆಯ ಆಚೆ ದಡದವನನ್ನು ಕರೆದ ಹಾಗೇ ಮಾತಾಡುತ್ತಿದ್ದರು. ಮೇಲ್ಮಹಡಿಯಲ್ಲಿ ಗಂಡ ಮತ್ತು ಮಗಳ ಜೊತೆ ವಾಸವಿದ್ದ ಹೇಮಶ್ರೀಗೆ, ಕೆಳಗೆ ಅಪ್ಪ ಯಾರ ಮೇಲೆ ರೇಗುತ್ತಿದ್ದಾರೆ, ಯಾಕೆ ರೇಗುತ್ತಿದ್ದಾರೆ ಎಂಬುದೆಲ್ಲ ಅಡುಗೆಮನೆಯಲ್ಲಿ ನಿಂತೇ ತಿಳಿಯುತ್ತಿತ್ತು. ಮೊಮ್ಮಗಳು ಇಂಚರ ಸ್ಕೂಲ್ ವ್ಯಾನಿನಿಂದ ಇಳಿದ ಕೂಡಲೇ ಗೇಟಿನಿಂದ ಅವರು ಹಾಕುತ್ತಿದ್ದ ಕೂಗಿಗೆ ಬೀದಿಯ ನಾಯಿಗಳೂ ಎದ್ದು ನಿಲ್ಲುತ್ತಿದ್ದವು.

ಆ ಗಂಟಲು ಬೇಸಿಗೆಯಲ್ಲಿ ಕಟ್ಟಿತು. ಮಾವಿನಹಣ್ಣು ಎಂದರು, ಧೂಳು ಎಂದರು, ಕಷಾಯ ಕುಡಿಸಿದರು. ಮಳೆಗಾಲ ಕಳೆದರೂ ಬಿಡದಾಗ ಪರೀಕ್ಷೆ ಮಾಡಿಸಿದರು. ಡಾಕ್ಟರು ಸುತ್ತಿಬಳಸಿ ಹೇಳುವ ಆಸಾಮಿಯಲ್ಲ. ಕ್ಯಾನ್ಸರ್, ಧ್ವನಿಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು. "ಜೀವ ಉಳೀತದಲ್ಲ, ಸಾಕು ಬುಡಿ" ಎಂದು ಗಂಗಾಧರಯ್ಯ ಎದ್ದು ಬಂದರು. ಆಟೋ ಕದಿರೇನಹಳ್ಳಿ ದಾಟಿತು. ಆಮೇಲೆ ಮಗಳ ಕಡೆ ತಿರುಗಿ, "ಅಂಗಾರೆ ಇಂಚರನ್ನ ಎಂಗವ್ವ ಕರೀಲಿ?" ಎಂದು ಕೇಳಿದರು. ಹೇಮಶ್ರೀ ರಸ್ತೆಯ ಕಡೆ ಮುಖ ತಿರುಗಿಸಿಕೊಂಡು ಅತ್ತಳು.

ದಾರಿಯೊಂದು ಅವಳ ಕೈಯಳತೆಯಲ್ಲೇ ಇತ್ತು. ಜಯನಗರದಲ್ಲಿ ಮಾತಿನ ಚಿಕಿತ್ಸೆಯ ಕ್ಲಿನಿಕ್ಕೊಂದು ಕೆಂಪರಾಜು ಕಂಪನಿಯ ಗಿರಾಕಿ. ಆಪರೇಷನ್ನಿಗೆ ಮೊದಲೇ ರೋಗಿಯ ಧ್ವನಿಯನ್ನು ಗಂಟೆಗಟ್ಟಲೆ ರೆಕಾರ್ಡ್ ಮಾಡಿಟ್ಟುಕೊಂಡು, ಆಮೇಲೆ ಅವರು ಫೋನಿನಲ್ಲಿ ಬರೆದ ಮಾತನ್ನು ಅವರದೇ ಧ್ವನಿಯಲ್ಲಿ ಆಡಿಸುವ ಹೊಸ ಪ್ರಯತ್ನ ಅಲ್ಲಿ ನಡೆಯುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಅರ್ಪಿತ ಎಂಬ ಥೆರಪಿಸ್ಟ್. ಧ್ವನಿಗಳನ್ನೆಲ್ಲ ಕೂಡಿಡಲು ಅಲ್ಲಿ ಪ್ರತ್ಯೇಕ ಸರ್ವರಿತ್ತು. ಅದರ ನಾಡಿ ಹಿಡಿದು ನೋಡುತ್ತಿದ್ದವಳು ಸ್ವತಃ ಹೇಮಶ್ರೀ. "ಅಪ್ಪ, ನಿನ್ನ ವಾಯ್ಸು ನನ್ನ ಕಣ್ಣೆದುರಿಗೇ ಇರುತ್ತೆ. ಯಾರ ಕೈಲೋ ಕೊಟ್ಟಂಗಲ್ಲ" ಎಂದು ಅವಳು ಅಭಯ ಕೊಟ್ಟಳು. ಗಂಗಾಧರಯ್ಯ ಒಪ್ಪಿದರು.

ದಸರಾ ಬಂತು. ಕೆಂಪರಾಜು ಆಫೀಸಿನಲ್ಲಿ ಆಯುಧಪೂಜೆ ಎಂದರೆ ಹುಡುಗಾಟವಲ್ಲ. ಅಪ್ಪ ತಾತಂದಿರು ಆ ದಿನ ನೇಗಿಲು ಕುಡುಗೋಲು ಮುಟ್ಟುತ್ತಿರಲಿಲ್ಲ, ಆಯುಧಕ್ಕೂ ಒಂದು ದಿನ ವಿಶ್ರಾಂತಿ ಬೇಡವೇ ಎಂಬುದು ಅವರ ವಾದ. ಸರ್ವರು ನಿಲ್ಲಿಸುವಂತಿಲ್ಲ. ಹಾಗಾಗಿ ಅಲಾರಂಗಳಿಗೆ ರಜೆ. ಪೂಜೆಯ ಹೊತ್ತಿಗೆ ಯಾವ ಫೋನೂ ಕಿರುಚಬಾರದೆಂದು ಎಲ್ಲ ಗಿರಾಕಿಗಳ ಅಲಾರಂಗಳ ಬಾಯಿ ಮುಚ್ಚಿಸಿಡುವುದು ಅಲ್ಲಿನ ಪದ್ಧತಿ. ಯಾರು ಮುಚ್ಚಿಸಿದರೋ ಅವರೇ ಸಂಜೆ ತೆಗೆಯಬೇಕು. ಅರ್ಧ ಗಿರಾಕಿಗಳು ಸಹೋದ್ಯೋಗಿ ರೇವಂತನ ಪಾಲಿಗೆ, ಜಯನಗರದ ಕ್ಲಿನಿಕ್ಕೂ ಸೇರಿ ಉಳಿದರ್ಧ ಹೇಮಶ್ರೀ ಪಾಲಿಗೆ. ಟಿವಿಗೆ, ಕೀಬೋರ್ಡುಗಳಿಗೆ ವಿಭೂತಿ ಬಳಿದು ಕುಂಕುಮ ಇಟ್ಟಾಗಿತ್ತು. ಹೇಮಶ್ರೀ ಕಂಪ್ಯೂಟರಿನಲ್ಲಿ ಅಲಾರಂಗಳ ಬಾಯಿ ಮುಚ್ಚಿಸುವ ಪುಟ ತೆರೆದು ಕೂತಿದ್ದಳು. ಎಲ್ಲಿಯವರೆಗೆ ಎಂದು ಕೇಳುವ ಚೌಕವೊಂದು ಅಲ್ಲಿರುತ್ತದೆ. ಸಮಯ ತುಂಬಿದರೆ ಅಲಾರಂಗಳು ತಾವಾಗಿ ಎಚ್ಚರಗೊಳ್ಳುತ್ತವೆ. ಖಾಲಿ ಬಿಟ್ಟರೆ, ಯಾರಾದರೂ ಬಂದು ಎಬ್ಬಿಸುವವರೆಗೂ ಮಲಗಿರುತ್ತವೆ.

"ಬಾರಮ್ಮ ಹೇಮಾ, ಕರ್ಪೂರ ಆರೋಯ್ತದೆ" ಎಂದು ಕೆಂಪರಾಜು ಆರತಿತಟ್ಟೆ ಹಿಡಿದು ಕೂಗಿದರು. ಸಂಜೆ ಹೇಗೂ ತೆಗೆಯುವುದಿದೆಯಲ್ಲ ಎಂದುಕೊಂಡು ಅವಳು ಚೌಕ ಖಾಲಿ ಬಿಟ್ಟು ಎದ್ದಳು. ಬೂದುಗುಂಬಳ ಒಡೆದರು, ಕಡ್ಲೆಪುರಿ ಹಂಚಿದರು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಆಪರೇಷನ್ನಿಗೆ ಮುಂಚಿನ ಸ್ಕ್ಯಾನಿಗೆ ಆವತ್ತೇ ಜಾಗ ಸಿಕ್ಕಿತ್ತು. ಅವಳು ಅಪ್ಪನನ್ನು ಕರೆದುಕೊಂಡು ಹೋಗಲು ಓಡಿದಳು. ಅಲ್ಲಿಂದಾಚೆಗೆ ರಜೆಯ ಮೇಲೇ ಇದ್ದಳು. ಅಲಾರಂಗಳ ನೆನಪು ಅವಳಿಗೆ ಬರಲೇ ಇಲ್ಲ.

ಬಾಯಿ ಮುಚ್ಚಿಸಿದ ಸರ್ವರು ಟಿವಿಯಲ್ಲಿ ಬೂದುಬಣ್ಣಕ್ಕೆ ತಿರುಗುತ್ತದೆ. ಪರದೆ ಚೊಕ್ಕಟವಾಗಿರಲೆಂದು ಬೂದು ಚುಕ್ಕೆಗಳನ್ನು ಮರೆಮಾಡಿಟ್ಟಿದ್ದರು. ಹೀಗಾಗಿ ಹಬ್ಬ ಮುಗಿಸಿ ಬಂದವರಿಗೆ ಕಂಡದ್ದು ಹಸಿರೋ ಹಸಿರು. ರೇವಂತ ತನ್ನ ಪಾಲಿನವನ್ನು ಎಬ್ಬಿಸಿದ್ದ. ಹೇಮಕ್ಕ ತನ್ನದನ್ನು ಎಬ್ಬಿಸಿರುತ್ತಾಳೆ ಎಂದುಕೊಂಡ. ವಾರವೆಲ್ಲ ಫೋನುಗಳು ತಣ್ಣಗಿದ್ದದ್ದನ್ನು ಕಂಡು ಕೆಂಪರಾಜು ಹಿಗ್ಗಿದರು. "ಈ ಸಲ ಪೂಜೆ ತಾಯಿಗೆ ಸಂದದೆ ಕಣ್ರೋ" ಎಂದು ಬನಶಂಕರಿ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿಸಿ ಬಂದರು. ತಪ್ಪು ದೇವಿಯದಲ್ಲ, ಭಕ್ತಿಯದೂ ಅಲ್ಲ. ಸದ್ದಿಲ್ಲದ ಮನೆಯನ್ನು ಕಂಡು ಎಲ್ಲ ನೆಟ್ಟಗಿದೆ ಎಂದುಕೊಳ್ಳುವ ನಮ್ಮ ಸೋಮಾರಿತನದ್ದು.

ಆ ವಾರವೇ ಗಂಗಾಧರಯ್ಯನವರ ರೆಕಾರ್ಡಿಂಗು. ಸದ್ದು ಒಳಬಾರದ ಚಿಕ್ಕ ಕೋಣೆ, ಮುಂದೊಂದು ಮೈಕು, ಗಾಜಿನ ಈಚೆ ಅರ್ಪಿತ ಮತ್ತು ಹೇಮಶ್ರೀ. ಓದಲು ಕೊಟ್ಟ ಮೊದಲ ವಾಕ್ಯ, "ದಯವಿಟ್ಟು ನನಗೆ ಕುಡಿಯಲು ನೀರು ಕೊಡಿ." ಗಂಗಾಧರಯ್ಯ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದ್ಯಾವ ಮಾತು ತಾಯಿ? ನಮ್ಮನೇಲಿ ಇಂಗಂದ್ರೆ ದೆವ್ವ ಮೆಟ್ಕೊಂಡದೆ ಅಂತ ಬೇವಿನಸೊಪ್ಪು ತಂದಾರು."

ಅರ್ಪಿತ ನಕ್ಕು, "ಹಾಗಾದ್ರೆ ನಿಮ್ಮನೇಲಿ ಮಾತಾಡೋ ಹಾಗೇ ಆಡಿ ಅಂಕಲ್" ಎಂದರು.

ತಗೊಳ್ಳಿ, ಕಟ್ಟೆಯೊಡೆಯಿತು. ಕಟ್ಟಿಕೊಂಡ ಗಂಟಲಲ್ಲೇ ಅವರು ನೀರು ಬಿಡದ ವಾಲ್ವ್‌ಮ್ಯಾನನ್ನು ಬೈದರು. ಸೊಪ್ಪಿಗೆ ಚೌಕಾಸಿ ಮಾಡಿದರು. ಬಾಡಿಗೆಯವರ ಬೈಕು ಅಡ್ಡ ನಿಲ್ಲಿಸಿದ್ದಕ್ಕೆ ರೇಗಿದರು. ಇಂಚರಳನ್ನು ಮುದ್ದಿನಿಂದ, ಕೋಪದಿಂದ, ದೂರದಿಂದ, ಕಿವಿಯ ಹತ್ತಿರದಿಂದ ಕರೆದರು. ದಿನಕ್ಕಿಷ್ಟು ಎಂದು ಹಲವು ದಿನ ನಡೆಯಿತು. ಕಡೆಯ ದಿನ ಅರ್ಪಿತ, ಮನೆಯವರೆಲ್ಲರ ಹೆಸರು ಹೇಳಿ, ಮುಂದೆ ಕರೆಯೋಕೆ ಬೇಕಾಗುತ್ತೆ ಎಂದರು. ಮಗಳದು, ಅಳಿಯನದು, ಮೊಮ್ಮಗಳದು ಆಯಿತು. ಹೆಂಡತಿಯದಕ್ಕೆ ಬಂದಾಗ ಗಂಗಾಧರಯ್ಯ ತಡವರಿಸಿದರು. ಆ ಕಾಲದ ಗಂಡಸು. ಮದುವೆಯಾದಾಗಿನಿಂದ 'ಇವಳೇ' ಎಂದು ಕರೆದದ್ದೇ ಹೊರತು ಹೆಸರು ಹಿಡಿದದ್ದಿಲ್ಲ.

"ನೀನು ಆಚಿಕೆ ಹೋಗವ್ವ" ಎಂದು ಮಗಳಿಗೆ ಹೇಳಿದರು. "ತಾಯಿ, ನೀನೂವೆ. ಬಾಗ್ಲು ಹಾಕ್ಕೊಂಡು ಹೋಗಿ."

ಇಬ್ಬರೂ ಮೊಗಸಾಲೆಯಲ್ಲಿ ಬೆಂಚಿನ ಮೇಲೆ ಕೂತರು. ಗಂಗಾಧರಯ್ಯ ಒಳಗೆ ಬಹಳ ಹೊತ್ತು ಇದ್ದರು. ಒಂದು ಹೆಸರಿಗೆ ಅಷ್ಟು ಹೊತ್ತು ಬೇಕಿಲ್ಲ. ಹೊರಬಂದಾಗ ಟವಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಏನಪ್ಪ ಹೇಳ್ದೆ ಎಂದು ಹೇಮಶ್ರೀ ಕೇಳಿದ್ದಕ್ಕೆ, "ಕೇಳ್ಬೇಕಾದೋರು ಆಮ್ಯಾಕೆ ಕೇಳಿಸ್ಕೋತಾರೆ. ನಿಂಗ್ಯಾಕೆ?" ಎಂದರು. ಅರ್ಪಿತ ಆಗಾಗ ಒಂದೊಂದು ತುಣುಕನ್ನು ಕಿವಿಗೆ ಹಾಕಿಕೊಂಡು ಕೇಳಿ, ಚೆನ್ನಾಗಿ ಬಂದಿದೆ ಎಂದಿದ್ದರು. ಆದರೆ ಅವರು ಕೇಳಿದ್ದು ಕೋಣೆಯ ಕಂಪ್ಯೂಟರು ಆ ಗಳಿಗೆಗೆ ನೆನಪಿಟ್ಟುಕೊಂಡದ್ದನ್ನು. ಉಳಿಯಬೇಕಾದ್ದು ಹೋಗಿ ಸೇರಬೇಕಿದ್ದದ್ದು ಸರ್ವರಿಗೆ.

ಆಪರೇಷನ್ ಆಯಿತು. ಗಂಗಾಧರಯ್ಯ ಮನೆಗೆ ಬಂದರು. ಕತ್ತಿನ ಬುಡದಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆ. ಯಾರನ್ನಾದರೂ ಕರೆಯಬೇಕಾದರೆ ಮೇಜು ಬಡಿಯುತ್ತಿದ್ದರು, ಏನಾದರೂ ಹೇಳಬೇಕಾದರೆ ಇಂಚರಳ ಬಿಳಿ ಬೋರ್ಡಿನ ಮೇಲೆ ಬರೆಯುತ್ತಿದ್ದರು. ದಿನಾ ಬೆಳಿಗ್ಗೆ ಹೇಮಶ್ರೀ ಆಫೀಸಿಗೆ ಹೊರಡುವಾಗ ಒಮ್ಮೆ ಅವಳ ಫೋನನ್ನೂ ಒಮ್ಮೆ ತಮ್ಮ ಗಂಟಲನ್ನೂ ತೋರಿಸುತ್ತಿದ್ದರು. ರೆಡಿಯಾಯಿತೇ ಎಂದು ಅರ್ಥ. "ಆಗ್ತಿದೆ ಅಪ್ಪ, ಇನ್ನೊಂದೆರಡು ವಾರ" ಎನ್ನುತ್ತಿದ್ದಳು. ಆಗಿನ್ನೂ ಅದು ಸುಳ್ಳಾಗಿರಲಿಲ್ಲ.

ಅರ್ಪಿತ ಫೋನು ಮಾಡಿದ್ದು ಒಂದು ಮಧ್ಯಾಹ್ನ. "ಹೇಮಶ್ರೀ, ವಾಯ್ಸ್ ರೆಡಿ ಮಾಡೋಕೆ ಕೂತ್ಕೊಂಡೆ. ಅಂಕಲ್ ಫೈಲುಗಳು ಯಾವೂ ಓಪನ್ ಆಗ್ತಿಲ್ಲ. ಒಂಚೂರು ನೋಡ್ತೀರಾ?"

ಅವಳು ನೋಡಿದಳು. ಫೈಲುಗಳ ಹೆಸರೆಲ್ಲ ಸಾಲಾಗಿ ಇದ್ದವು. ಗಂಗಾಧರಯ್ಯ ಒಂದು, ಗಂಗಾಧರಯ್ಯ ಎರಡು, ಹೀಗೆ ಕೊನೆಯವರೆಗೂ. ಎಲ್ಲದರ ಗಾತ್ರ ಸೊನ್ನೆ. ಹಬ್ಬದ ಮರುದಿನವೇ ಸರ್ವರಿನ ಡಿಸ್ಕು ಗಂಟಲಮಟ್ಟ ತುಂಬಿತ್ತು. ಸರ್ವರು ತನ್ನ ದಿನಚರಿಯನ್ನು ತಾನೇ ಬರೆದಿಟ್ಟುಕೊಳ್ಳುವ ಕಡತವೊಂದು ಹದ್ದುಮೀರಿ ಬೆಳೆದು ಜಾಗವನ್ನೆಲ್ಲ ನುಂಗಿತ್ತು. ತುಂಬಿದ ಡಿಸ್ಕು ಹೊಸ ಫೈಲಿಗೆ ಹೆಸರು ಕೊಡುತ್ತದೆ, ಒಳಗೆ ಏನನ್ನೂ ಇಟ್ಟುಕೊಳ್ಳುವುದಿಲ್ಲ. ದಿನಾ ರಾತ್ರಿ ಬೇರೆ ಕಡೆ ತೆಗೆದಿಡುವ ಬ್ಯಾಕಪ್ ನಕಲಿಗೂ ಹೋದದ್ದು ಸೊನ್ನೆಯೇ. ಗಂಗಾಧರಯ್ಯನವರ ನಂತರ ಹೊಸ ರೋಗಿ ಬಂದಿರಲಿಲ್ಲ, ಆದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸರ್ವರು ಮಾತ್ರ ತನ್ನ ಕರ್ತವ್ಯ ಬಿಟ್ಟಿರಲಿಲ್ಲ. ಡಿಸ್ಕು ತುಂಬುತ್ತಿದೆ, ಡಿಸ್ಕು ತುಂಬುತ್ತಿದೆ ಎಂದು ಗಳಿಗೆಗೊಮ್ಮೆ ಕೂಗಿಕೊಂಡಿತ್ತು. ಕೂಗು ಹೊರಗೆ ಕೇಳಿಸದಂತೆ ಬಾಯಿ ಮುಚ್ಚಿಸಿದವರು ಯಾರು ಎಂದು ನೋಡಿದಳು. ಅವಳದೇ ಹೆಸರು. ಎಲ್ಲಿಯವರೆಗೆ ಎಂಬಲ್ಲಿ ಖಾಲಿ.

ಆ ಖಾಲಿ ಚೌಕವನ್ನು ಮತ್ತೆ ಮತ್ತೆ ನೋಡಿದಳು. ಅಳು ಬರಲಿಲ್ಲ. ಊರಿನ ಸರ್ವರುಗಳನ್ನೆಲ್ಲ ಕಾಯ್ದವಳು ತನ್ನ ಅಪ್ಪನ ಗಂಟಲನ್ನು ಕಾಯಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಅಳಿಸಿಹೋದದ್ದನ್ನಾದರೆ ಅಗೆದು ತೆಗೆಯಬಹುದು. ಇಲ್ಲಿ ಬರೆದೇ ಇರಲಿಲ್ಲ. ರೇವಂತ ಪಕ್ಕದಲ್ಲಿ ನಿಂತು, "ನಾನಾದ್ರೂ ಒಂದ್ಸಲ ಚೆಕ್ ಮಾಡ್ಬೇಕಿತ್ತು ಹೇಮಕ್ಕ" ಎಂದ.

ಕೆಂಪರಾಜುವಿಗೆ ವಿಷಯ ಗೊತ್ತಾದಾಗ ಪೇಷಂಟು ಯಾರೆಂದು ತಿಳಿದಿರಲಿಲ್ಲ. ಹೇಮಶ್ರೀಯ ಅಪ್ಪನ ಕಾಯಿಲೆ ಗೊತ್ತಿತ್ತು, ಧ್ವನಿ ರೆಕಾರ್ಡ್ ಮಾಡಿಸಿದ ಸಂಗತಿಯನ್ನು ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ.

"ಡಿಸ್ಕು ಕೈಕೊಡ್ತು ಅಂತ ಬರ್ದಾಕು" ಎಂದರು. "ಮಿಷಿನ್ನು, ಕೆಡ್ತದೆ. ಅದ್ಕೆ ಯಾರೇನು ಮಾಡಕಾಯ್ತದೆ? ಯಾರ ಹೆಸ್ರೂ ಬ್ಯಾಡ."

"ಪೇಷಂಟ್ ಯಾರು ಅಂತ ಕೇಳಲ್ವಾ ಸಾರ್?"

"ಯಾರಮ್ಮ?"

"ನಮ್ಮಪ್ಪ."

ಕೆಂಪರಾಜು ಕುರ್ಚಿ ಎಳೆದುಕೊಂಡು ಕೂತರು. ಚಿಕ್ಕಂದಿನಲ್ಲಿ ಕೆರೆಯಲ್ಲಿ ಈಜಲು ಇಳಿದಾಗೆಲ್ಲ ದಡದಿಂದ ಗದರಿಸಿ ಮೇಲೆ ಹತ್ತಿಸುತ್ತಿದ್ದ ಧ್ವನಿ ಅದು. "ಗಂಗಾಧರಣ್ಣಂದಾ" ಎಂದು ಮೆಲ್ಲಗೆ ಅಂದರು. ಆಮೇಲೆ, "ಆರತಿ ಇಡ್ಕೊಂಡು ಅವಸರ ಮಾಡ್ದೋನು ನಾನು ಕಣಮ್ಮ" ಎಂದರು.

"ಖಾಲಿ ಬಿಟ್ಟೋಳು ನಾನು ಸಾರ್" ಎಂದಳು. ಕ್ಲಿನಿಕ್ಕಿಗೆ ನಡೆದದ್ದನ್ನು ನಡೆದ ಹಾಗೇ ತನ್ನ ಹೆಸರಿನಲ್ಲೇ ಬರೆದು ಕಳಿಸಿದಳು. ಕೆಂಪರಾಜು ತಡೆಯಲಿಲ್ಲ. ಬೂದು ಚುಕ್ಕೆಗಳನ್ನು ಇನ್ನು ಮುಂದೆ ಮರೆಮಾಡಬಾರದು ಎಂದು ಅಂದೇ ಕಟ್ಟಪ್ಪಣೆಯಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು.

ಕ್ಲಿನಿಕ್ಕಿಗೆ ಬರೆದಷ್ಟು ಸಲೀಸಾಗಿ ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ದಿನಾ ಬೆಳಿಗ್ಗೆ ಅಪ್ಪನ ಬೆರಳು ಫೋನಿನಿಂದ ಗಂಟಲಿಗೆ ಹೋಗುತ್ತಿತ್ತು, ಆಗ್ತಿದೆ ಅಪ್ಪ ಎನ್ನುತ್ತಿದ್ದಳು. ಈಗ ಅದು ಶುದ್ಧ ಸುಳ್ಳು. ಮೆಟ್ಟಿಲಿಳಿಯುವಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಒಂದು ಭಾನುವಾರ ಊಟವಾದ ಮೇಲೆ, ಅಪ್ಪ ಅವ್ವ ಇಬ್ಬರೂ ನಡುಮನೆಯಲ್ಲಿ ಕೂತಿದ್ದಾಗ, ಚಾಪೆಯ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಪೂಜೆ, ಖಾಲಿ ಬಿಟ್ಟ ಚೌಕ, ತುಂಬಿದ ಡಿಸ್ಕು. ಡಿಸ್ಕು ಗಿಸ್ಕು ಅವರಿಗೆ ಅರ್ಥವಾಗಲಿಲ್ಲ. ಉಳಿದದ್ದು ಅರ್ಥವಾಯಿತು.

ಗಂಗಾಧರಯ್ಯ ಬೋರ್ಡು ತೆಗೆದುಕೊಂಡು ಬರೆದರು. "ಎಲ್ಲಾನೂವಾ?"

"ಎಲ್ಲಾನೂ ಅಪ್ಪ."

ಅಂಗೈಯಿಂದ ಒರೆಸಿ ಹಾಕಿದರು. ಕತ್ತಿನ ಬಟ್ಟೆ ಜೋರಾಗಿ ಏರಿಳಿಯಿತು. ಬೈದಿದ್ದರೆ ಹೇಮಶ್ರೀಗೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲು ಅವರಲ್ಲಿ ಈಗ ಏನಿತ್ತು?

ಬೈರಮ್ಮನೇ ಮಾತಾಡಿದರು. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಆಡಿದ್ ಮಾತ್ನ ಯಾರು ಇಡ್ಕೊಂಡಿರಾಕಾಯ್ತದೆ? ಅಳ್ಬ್ಯಾಡ ಏಳು."

"ಅವ್ವ, ನಿನ್ನ ಹೆಸ್ರು ಕರೆಯೋಕೆ ಅಂತ ನಮ್ಮಿಬ್ರನ್ನೂ ಆಚೆಗೆ ಕಳಿಸಿ ಬಾಗ್ಲು ಹಾಕಿಸ್ಕೊಂಡ್ರು. ಬಾಳ ಹೊತ್ತು ಮಾತಾಡಿದ್ರು. ನಿನಗೇ ಅಂತ ಆಡಿದ್ದು ಅದು."

ಬೈರಮ್ಮ ಗಂಡನ ಕಡೆ ನೋಡಿದರು. ಆಮೇಲೆ ಮಗಳ ಕಡೆ. "ಏನಂದ್ರು?"

"ಕೇಳಿಸ್ಲಿಲ್ಲವ್ವ."

ಹೇಮಶ್ರೀ ಬೋರ್ಡನ್ನೂ ಪೆನ್ನನ್ನೂ ಅಪ್ಪನ ಮುಂದಿಟ್ಟಳು. ಗಂಗಾಧರಯ್ಯ ಪೆನ್ನಿನ ಮುಚ್ಚಳ ತೆಗೆದರು, ಬೋರ್ಡಿನ ಹತ್ತಿರ ತಂದರು, ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ಖಾಲಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆಡಬಹುದಾದ ಮಾತು ಎಲ್ಲರೆದುರು ಬರೆದು ತೋರಿಸುವ ಮಾತಲ್ಲ. ಮುಚ್ಚಳ ಹಾಕಿ ಕೆಳಗಿಟ್ಟುಬಿಟ್ಟರು. ಬೈರಮ್ಮ ಎದ್ದು ಪಾತ್ರೆ ತೊಳೆಯಲು ಹೋದರು. ನಲ್ಲಿ ನೀರು ಅಗತ್ಯಕ್ಕಿಂತ ಜಾಸ್ತಿ ಹೊತ್ತು ಸುರಿಯಿತು.

ಅಂದಿನಿಂದ ಹೇಮಶ್ರೀ ಅಪ್ಪನ ಧ್ವನಿಗಾಗಿ ಮನೆಯನ್ನೆಲ್ಲ ಜಾಲಾಡಿದಳು. ತನ್ನ ಮದುವೆಯ ವಿಡಿಯೋದಲ್ಲಿ ಆಸಾಮಿ ಓಡಾಡುತ್ತಾರೆ, ಬಾಯಿಯೂ ಆಡುತ್ತದೆ, ಮೇಲೆ ಮಾತ್ರ ಸ್ಟುಡಿಯೋದವನು ತುಂಬಿದ ಸಿನಿಮಾ ಹಾಡು. ವಾಟ್ಸಾಪಿನಲ್ಲಿ ಧ್ವನಿ ಕಳಿಸುವುದನ್ನು ಕಲಿಸಿದಾಗ, ಎದುರಿಗೆ ಕಿವಿ ಇಲ್ಲದೆ ಮಾತಾಡೋದು ಹುಚ್ಚರು ಎಂದು ಅವರು ಕಲಿಯಲೇ ಇಲ್ಲ. ಸಂಬಂಧಿಕರನ್ನು ಕೇಳಿದಳು. ಎಲ್ಲರ ಹತ್ತಿರವೂ ಫೋಟೋಗಳಿದ್ದವು. ಕಣ್ಣೆದುರಿಗೆ ದಿನವೂ ಕೂಗಾಡುತ್ತಿದ್ದ ಮನುಷ್ಯನ ಧ್ವನಿಯನ್ನು ಹಿಡಿದಿಡಬೇಕೆಂದು ಯಾರಿಗೂ ತೋಚಿರಲಿಲ್ಲ. ಯಾಕೆ ತೋಚುತ್ತದೆ?

ಕಡೆಗೆ ಉಳಿದದ್ದು ಬೀರುವಿನಲ್ಲಿದ್ದ ಅವಳ ಹಳೆಯ ಫೋನು, ಗಾಜು ಒಡೆದದ್ದು. ಸಂಜೆ ಕೆಳಗೆ ಬಂದು, ಅಪ್ಪನ ಪಕ್ಕದಲ್ಲಿ ಸೋಫಾದ ಮೇಲೆ ಕೂತು, ಚಾರ್ಜಿಗೆ ಹಾಕಿ ತೆರೆದಳು. ಹಳೆಯ ವಿಡಿಯೋಗಳನ್ನು ಒಂದೊಂದೇ ನೋಡುತ್ತ ಹೋದಳು. ಒಂದರಲ್ಲಿ ಇಂಚರ ಇದೇ ನಡುಮನೆಯಲ್ಲಿ ಸ್ಕೂಲ್‌ಡೇಗೆ ಡ್ಯಾನ್ಸ್ ಕಲಿಯುತ್ತಿದ್ದಳು. ಸದ್ದು ಸರಿಯಾಗಿ ಕೇಳದೆ ಹೇಮಶ್ರೀ ವಾಲ್ಯೂಮನ್ನು ಪೂರ್ತಿ ಏರಿಸಿದಳು. ಇಂಚರ ಒಂದು ಸುತ್ತು ತಿರುಗಿದಳು. ಆಗ ಚಿತ್ರದ ಆಚೆಯಿಂದ, ಗಂಟಲು ಕಟ್ಟುವುದಕ್ಕೆ ಎಷ್ಟೋ ಮುಂಚಿನ, ಕೆರೆ ದಾಟುವ ಆ ಧ್ವನಿ ನಡುಮನೆಯನ್ನೆಲ್ಲ ತುಂಬಿತು.

"ಕಾಫಿ ಏನಾಯ್ತೇ?"

"ತಂದೆ ಇರಿ, ಹಾಲು ಈಗ ಕಾಯ್ತಾ ಅದೆ" ಎಂದು ಅಡುಗೆಮನೆಯೊಳಗಿಂದ ಬೈರಮ್ಮ ಅಂದರು.

ವಿಡಿಯೋದಲ್ಲಿ ಅಲ್ಲ. ಈಗ. ಎಷ್ಟೋ ವರ್ಷಗಳ ಅಭ್ಯಾಸದಿಂದ, ಯೋಚನೆಯೇ ಇಲ್ಲದೆ ಬಂದ ಉತ್ತರ. ಒಳಗೆ ಲೋಟ ಇಟ್ಟ ಸದ್ದು, ಸ್ಟವ್ ಆರಿಸಿದ ಸದ್ದು ಕೇಳಿಸಿತು. ಹೇಮಶ್ರೀ ವಿಡಿಯೋ ನಿಲ್ಲಿಸಿದಳು. ಗಂಗಾಧರಯ್ಯನವರ ಕೈ ಮಗಳ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ಬೈರಮ್ಮ ಲೋಟ ಹಿಡಿದು ಹೊಸ್ತಿಲವರೆಗೆ ಬಂದರು. ಗಂಡನ ಕತ್ತಿನ ಬಿಳಿ ಬಟ್ಟೆ ನೋಡಿದರು. ಮಗಳ ಕೈಯಲ್ಲಿದ್ದ ಫೋನು ನೋಡಿದರು. ಅಲ್ಲೇ ನಿಂತುಬಿಟ್ಟರು. ಆಮೇಲೆ ಮೆಲ್ಲಗೆ ಬಂದು ಕಾಫಿಯನ್ನು ಗಂಡನ ಕೈಗೆ ಕೊಟ್ಟು, ಬಿಸಿ ಅದೆ ಎಂದು ಹೇಳಿ, ಅಡುಗೆಮನೆಗೆ ವಾಪಸ್ಸು ಹೋದರು.

"ಹೇಮಾ," ಎಂದು ಅಲ್ಲಿಂದಲೇ ಕರೆದರು. "ಇನ್ನೊಂದ್ಸಲ ಹಾಕವ್ವ. ನಾನಿಲ್ಲೇ ಇದೀನಿ."